ನಿಂತ ಗೆರೆ, ಮಲಗಿದ ಗೆರೆ

ಗಣಿತ ಮಾಸ್ತರರಿಗೆ ಕನಸು ಬೀಳುವುದಿಲ್ಲವೆಂದು ಜನ ಯಾಕೆ ನಂಬಿದ್ದಾರೋ ತಿಳಿಯದು. ನನಗೆ ಬೀಳುತ್ತವೆ, ಅದೂ ಎಚ್ಚರವಿದ್ದಾಗಲೇ. ಗಂಗಾವತಿಯಿಂದ ಮರಳಿ ಎಂಬ ಹಳ್ಳಿಯ ಶಾಲೆಗೆ ದಿನಾ ಬಸ್ಸಿನಲ್ಲಿ ಹೋಗುವವನು ನಾನು. ಕಿಟಕಿಯಾಚೆ ಭತ್ತದ ಗದ್ದೆ ಶುರುವಾದರೆ ಸಾಕು, ಮನಸ್ಸು ಅಲ್ಲೇ ಇಳಿದುಬಿಡುತ್ತದೆ. ಮೈ ಮಾತ್ರ ಮುಂದಿನ ಊರಿಗೆ ಹೊರಡುತ್ತದೆ. "ಮಾಸ್ತರ, ನಿಮ್ಮ ಸಾಲಿ ಹಿಂದ ಹೋತ್ರಿ" ಎಂದು ಕಂಡಕ್ಟರ್ ಎಷ್ಟೋ ಸಲ ನನ್ನನ್ನು ಎಬ್ಬಿಸಿದ್ದಾನೆ. ಎಬ್ಬಿಸಿದ್ದಾನೆ ಎನ್ನುವುದು ತಪ್ಪು. ನಾನು ಕಣ್ಣು ಬಿಟ್ಟುಕೊಂಡೇ ಕುಳಿತಿರುತ್ತೇನೆ.

ನನ್ನ ಹೆಂಡತಿ ಗಿರಿಜಾ ಇಂಥವಳಲ್ಲ. ಹದಿನೈದು ವರ್ಷ ನಮ್ಮ ಪಡಸಾಲೆಯ ಮೂಲೆಯಲ್ಲಿ ಕುಳಿತು ಓಣಿಯವರ ಜಂಪರು ಹೊಲಿದವಳು, ಈ ದಸರಾ ರಜೆಯಲ್ಲಿ ತನ್ನದೇ ಹೆಸರಿನ ಬಳೆ ಅಂಗಡಿ ತೆರೆಯುವುದೆಂದು ನಿಶ್ಚಯಿಸಿದಳು. ಒಂದು ಸಂಜೆ ಫೋನಿನಲ್ಲಿ ಹುಬ್ಬಳ್ಳಿಯ ಯಾವುದೋ ಅಂಗಡಿಯ ಚಿತ್ರ ತೋರಿಸಿದಳು. ಗೋಡೆಗೆ ದೊಡ್ಡ ಹಲಗೆ. ಹಲಗೆಯ ತುಂಬ ಅಡ್ಡಡ್ಡ ಕೊರೆದ ಗೆರೆ. ಗೆರೆಗೆ ಸಿಕ್ಕಿಸಿದ ಕೊಕ್ಕೆಗಳಲ್ಲಿ ಬಳೆ, ಸರ, ಕ್ಲಿಪ್ಪು.

"ಇಂಥಾದ್ದು ಬೇಕ್ರಿ. ಕೊಕ್ಕಿ ಎಲ್ಲಿ ಬೇಕಾದಲ್ಲಿ ಸರಸಬಹುದು. ಇವತ್ತ ಬಳಿ ಹಾಕಿದ ಜಾಗಾದಾಗ ನಾಳೆ ಸರ ಹಾಕಬಹುದು."

"ಇದನ್ನ ಹುಬ್ಬಳ್ಳಿಯಿಂದ ಯಾಕ ತರಸ್ತಿ? ನಾನ ಮಾಡ್ತೀನಿ" ಎಂದೆ.

ಉತ್ತರ ಗೊತ್ತಿಲ್ಲದೆ ಕೈ ಎತ್ತಿದ ಹುಡುಗನನ್ನು ನಾನು ನೋಡುವ ಹಾಗೆ ಅವಳು ನನ್ನನ್ನು ನೋಡಿದಳು. "ಖರೇನರೀ? ಶುಕ್ರವಾರ ಅಂಗಡಿ ಪೂಜಿ ಐತಿ."

ನನ್ನ ಧೈರ್ಯಕ್ಕೆ ಕಾರಣ ಗೆಳೆಯ ಮೌನೇಶಪ್ಪ. ಬಡಿಗ, ಹೆಸರಿಗೆ ತಕ್ಕಂತೆ ಮಾತು ಕಡಿಮೆ. ಎಂಟಡಿ ಉದ್ದ, ನಾಲ್ಕಡಿ ಅಗಲದ ಹಲಗೆಯೊಂದನ್ನು ತನ್ನ ಶೆಡ್ಡಿನಲ್ಲಿ ಮಲಗಿಸಿ, ರೌಟರ್ ಯಂತ್ರವನ್ನು ನನ್ನ ಕೈಗೆ ಕೊಟ್ಟ. ಎರಡು ಹಿಡಿಕೆಯ ಯಂತ್ರ ಅದು. ಹೊಟ್ಟೆಯೊಳಗಿನ ಬಿಟ್ ಗಿರ್ರನೆ ತಿರುಗುತ್ತ ಹಲಗೆಯನ್ನು ಕೊರೆಯುತ್ತದೆ. ಮೊದಲು ನೇರ ಬಿಟ್ಟಿನಿಂದ ಒಂದು ಗೆರೆ. ಆಮೇಲೆ ತಲೆ ಅಗಲವಿರುವ ಇನ್ನೊಂದು ಬಿಟ್ಟನ್ನು ಅದೇ ಗೆರೆಯಲ್ಲಿ ಓಡಿಸಿದರೆ ಬಾಯಿ ಕಿರಿದಾಗಿಯೇ ಉಳಿದು ಒಳಗೆ ಅಗಲವಾಗುತ್ತದೆ. ಕೊಕ್ಕೆ ಕಚ್ಚಿ ಹಿಡಿಯುವುದು ಅದರಲ್ಲೇ.

"ಎರಡನೇ ಬಿಟ್ ನಡುವ ಎತ್ತಬ್ಯಾಡ್ರಿ ಮಾಸ್ತರ, ಹಲಗಿ ಹರೀತೈತಿ. ಈ ಕಡಿ ಹೊಕ್ಕು ಆ ಕಡಿನ ಹೊರಗ ಬರಬೇಕು" ಎಂದು ಹೇಳಿ ಅವನು ಎರಡು ದಿನದ ಕೆಲಸಕ್ಕೆ ಕುಷ್ಟಗಿಗೆ ಹೊರಟುಹೋದ. ಅವನ ಬಾಯಿಂದ ಅಷ್ಟುದ್ದದ ಮಾತು ನಾನು ಕೇಳಿದ್ದು ಅದೇ ಮೊದಲು.

ನಾನು ಲೆಕ್ಕ ಹಾಕಿದೆ. ನಾಲ್ಕು ಇಂಚಿಗೊಂದು ಗೆರೆಯೆಂದರೆ, ಅಡ್ಡಕ್ಕೆ ಕೊರೆದರೆ ಇಪ್ಪತ್ತಮೂರು ಗೆರೆ. ಉದ್ದಕ್ಕೆ ಕೊರೆದರೆ ಹನ್ನೊಂದೇ ಸಾಕು. ಗಣಿತದ ಉಪಯೋಗ ಇನ್ನೇನಿದೆ! ಉದ್ದಕ್ಕೇ ಕೊರೆಯತೊಡಗಿದೆ.

ಆ ಎರಡು ದಿನದಷ್ಟು ಸುಖವನ್ನು ನಾನು ಉಂಡದ್ದು ಕಡಿಮೆ. ಮೂಗಿಗೆ ಬಟ್ಟೆ, ಕಿವಿಗೆ ಹತ್ತಿ. ಲೋಕ ದೂರ ಸರಿದಿತ್ತು. ಯಂತ್ರದ ಸದ್ದು ಎಲ್ಲೋ ನೀರು ಹರಿದಂತೆ ಕೇಳುತ್ತಿತ್ತು. ನುಣ್ಣನೆಯ ಹಿಟ್ಟು ಬಿಸಿಲಿನಲ್ಲಿ ತೇಲುತ್ತ ನನ್ನ ತೋಳಿನ ಮೇಲೆ, ರೆಪ್ಪೆಯ ಮೇಲೆ ಇಳಿಯುತ್ತಿತ್ತು. ಹಲಗೆ ಹಲಗೆಯಾಗಿ ಉಳಿಯಲಿಲ್ಲ. ಗದ್ದೆಯಾಯಿತು, ನಾನು ಅದಕ್ಕೆ ಕಾಲುವೆ ತೋಡುತ್ತಿದ್ದೆ. ಒಂದೊಂದು ಕಾಲುವೆಯಲ್ಲೂ ಹಸಿರು ಬಳೆಗಳು ಹರಿದು ಬಂದವು. ಹುಲಿಗಿಯಲ್ಲಿ ಅಮ್ಮನ ದರ್ಶನ ಮುಗಿಸಿದ ಹೆಂಗಸರು ಹಿಂಡುಹಿಂಡಾಗಿ ನಮ್ಮ ಅಂಗಡಿಗೇ ಬಂದು ಕೈ ಚಾಚಿದರು. ಗಿರಿಜಾ ಬಳೆ ಇಡಿಸುತ್ತಿದ್ದಳು. ಎಲ್ಲರೂ ಗೋಡೆ ನೋಡಿ ಬೆರಗಾಗುತ್ತಿದ್ದರು. ಇಷ್ಟಾದರೂ ಒಂದು ಗೆರೆಯೂ ವಕ್ರವಾಗಲಿಲ್ಲ, ಎರಡನೇ ಬಿಟ್ಟನ್ನು ಒಮ್ಮೆಯೂ ನಡುವೆ ಎತ್ತಲಿಲ್ಲ.

ಬುಧವಾರ ಮೌನೇಶಪ್ಪನೂ ನಾನೂ ಹಲಗೆಯನ್ನು ಅಂಗಡಿಗೆ ಹೊತ್ತೆವು. ಬಾಗಿಲಿಗೂ ಕಂಬಕ್ಕೂ ನಡುವಿನ ಗೋಡೆ ನಾಲ್ಕೂವರೆ ಅಡಿ ಅಗಲ. ಎಂಟಡಿಯ ಹಲಗೆ ಅಲ್ಲಿ ಮಲಗಲು ಸಾಧ್ಯವೇ? ನಿಲ್ಲಿಸಿದೆವು. ನನ್ನ ಹನ್ನೊಂದು ಗೆರೆಗಳೂ ಸಾಲಾಗಿ, ಎದೆಯುಬ್ಬಿಸಿ ಎದ್ದು ನಿಂತವು.

ಮೌನೇಶಪ್ಪ ನನ್ನ ಮುಖ ನೋಡಿದ. ಗಿರಿಜಾ ಕೈಗೆಟುಕುವ ಎತ್ತರದಲ್ಲಿ ಒಂದು ಕೊಕ್ಕೆ ಸಿಕ್ಕಿಸಿ ಒಂದು ಡಜನ್ ಬಳೆ ತೂಗುಹಾಕಿದಳು. ಕೊಕ್ಕೆ ಒಂದು ಕ್ಷಣ ಯೋಚಿಸಿ, ಸರ್ರನೆ ಕೆಳಕ್ಕೆ ಜಾರಿತು. ಬಳೆ ನೆಲ ಮುಟ್ಟುವುದರೊಳಗೆ ಅವಳು ಸೆರಗೊಡ್ಡಿ ಹಿಡಿದಳು.

"ಸರಸಬಹುದು ಅಂದಿದ್ದೆ ಖರೆ," ಎಂದಳು, "ತಾನ ಸರೀಬೇಕು ಅಂದಿದ್ದಿಲ್ಲರಿ."

ನಾನು ಹೊರಗಿನ ಕಟ್ಟೆಯ ಮೇಲೆ ಕುಳಿತುಬಿಟ್ಟೆ. ಹದಿನೈದು ವರ್ಷ ಬಗ್ಗಿ ಹೊಲಿದವಳ ಮೊದಲ ಅಂಗಡಿ. ಅದಕ್ಕೆ ನಾನು ಮಾಡುತ್ತೇನೆಂದ ಒಂದೇ ಒಂದು ಕೆಲಸ. ಮಕ್ಕಳಿಗೆ ಉದ್ದ, ಅಗಲ, ಎತ್ತರ ಕಲಿಸುತ್ತ ಕೂದಲು ನರೆತಿದೆ. ಹೊಸ ಹಲಗೆ ತಂದು ಮತ್ತೆ ಕೊರೆಯಲು ಸಮಯವಿರಲಿಲ್ಲ.

ಒಳಗೆ ಗಿರಿಜಾ ಗೇಣು ಹಾಕಿ ಗೋಡೆ ಅಳೆಯುತ್ತಿದ್ದಳು. ಆಮೇಲೆ ಹಲಗೆ ಅಳೆದಳು. "ಮೌನೇಶಣ್ಣ, ಇದನ್ನ ನಟ್ಟನಡುವ ಕೊಯ್ದು ಎರಡು ಚೌಕ ಮಾಡ್ರಿ. ಹೊಳ್ಳಿಸಿ ಒಂದರ ಮ್ಯಾಲೊಂದು ಕುಂದರಿಸಿದ್ರ ಗೆರಿ ಮಲಗ್ತಾವಲ್ಲ?"

ನಾಲ್ಕು ನಾಲ್ಕರ ಎರಡು ಚೌಕ! ನಾಲ್ಕನೇ ತರಗತಿಯ ಲೆಕ್ಕ. ಮೌನೇಶಪ್ಪ ಬಾಯಿಗೆ ಟವೆಲ್ ಒತ್ತಿಕೊಂಡು ನಕ್ಕ, ನಗುವುದರಲ್ಲೂ ಮಿತಭಾಷಿ. ಸಂಜೆಯೊಳಗೆ ಎರಡೂ ತುಂಡು ಗೋಡೆ ಸೇರಿದವು. ಕೂಡಿಸಿದ ಕಡೆ ಗೆರೆಗಳ ನಡುವೆ ಎಂಟು ಇಂಚು ಬೋಳಾಗಿ ಕಾಣುತ್ತಿತ್ತು. ಅಲ್ಲಿ ಒಂದು ಕನ್ನಡಿ ಪಟ್ಟಿ ಹಚ್ಚಿಸಿದಳು. ಶುಕ್ರವಾರ ಪೂಜೆಗೆ ಬಂದವರೆಲ್ಲ ಸರ ಕೊರಳಿಗೆ ಹಿಡಿದು ಅದರಲ್ಲೇ ನೋಡಿಕೊಂಡರು.

ಅವರಲ್ಲಿ ಕನಕಗಿರಿಯಿಂದ ಬಂದ ಹೆಂಗಸೊಬ್ಬರು, "ನಮ್ಮ ಅಂಗಡಿಗೂ ಇಂಥಾದ್ದ ಬೇಕ್ರಿ. ನಡುವ ಕನ್ನಡಿ ಇಟ್ಟದ್ದು ಭಾಳ ಛಲೋ ಆಗೇತಿ. ಯಾರ ವಿಚಾರ?" ಎಂದು ಕೇಳಿದರು.

"ಮೊದಲಿಂದನೂ ಹಂಗ ಅಂದ್ಕೊಂಡಿದ್ವಿರಿ" ಎಂದೆ ನಾನು, ಗಂಭೀರವಾಗಿ.

ಗಿರಿಜಾ ಕೆಮ್ಮಿದಳು. "ಮಾಡಿಕೊಡ್ತಾರ, ಅಕ್ಕಾರ. ಗ್ವಾಡಿ ನೋಡಾಕ ಮಾತ್ರ ನಾನು ಬರ್ತೀನಿ."

ಮುಂದಿನ ಭಾನುವಾರ ಕನಕಗಿರಿಗೆ ಹೋದೆವು. ಅಳತೆ ಅವಳದು, ಟೇಪಿನ ತುದಿಯನ್ನು ಮೂಲೆಗೆ ಒತ್ತಿ ಹಿಡಿಯುವ ಜವಾಬ್ದಾರಿ ನನ್ನದು. ಹಿಡಿದು ನಿಂತೆ. ತೆರೆದ ಬಾಗಿಲಿನಿಂದ ಬಿಸಿಲು ಬಂದು ಖಾಲಿ ಗೋಡೆಯ ಮೇಲೆ ಬಿದ್ದಿತ್ತು. ಯಲಬುರ್ಗಾ, ಕುಷ್ಟಗಿ, ಕೊಪ್ಪಳ, ಊರೂರಿನ ಬಳೆ ಅಂಗಡಿಯ ಗೋಡೆಗಳು ನನ್ನ ಗೆರೆಗಳಿಗಾಗಿ ಕಾಯುತ್ತಿದ್ದವು.

"ರೀ," ಎಂದಳು ಗಿರಿಜಾ, ಗೋಡೆಯ ಆ ಕೊನೆಯಿಂದ, "ಟೇಪು ಎಲ್ಲಿ ಹಿಡದೀರಿ?"

ನೋಡಿದೆ. ಬೆರಳು ಮೂಲೆಯನ್ನು ಗಟ್ಟಿಯಾಗಿಯೇ ಒತ್ತಿದ್ದವು. ಟೇಪು ಯಾವಾಗಲೋ ಸುತ್ತಿಕೊಂಡು ಅವಳ ಕೈ ಸೇರಿತ್ತು.