ಹೌಕಿಯೋಕಿಯ ಬಿಸಿ ಮರಳು

ಕಡಿಮೆ ಇಂಗಾಲದ ಇಂಧನ ಸಂಶೋಧನೆಗೆ ಉತ್ತರ ಫಿನ್ಲೆಂಡಿನ ಹೌಕಿಯೋಕಿ ಪ್ರಾದೇಶಿಕ ವಿಶ್ವವಿದ್ಯಾಲಯವು ಸಲ್ಲಿಸಿರುವ ಕೊಡುಗೆ ಇಂದಿಗೂ ಬಿಸಿಯಾಗಿದೆ. ಅನುಮಾನವಿರುವವರು ಖುದ್ದಾಗಿ ಪರಿಶೀಲಿಸಬಹುದು. ಬರುವಾಗ ಟವೆಲ್ ತರತಕ್ಕದ್ದು.

ಕೊಡುಗೆಯ ಮೂಲ ಹಿಲ್ಲೆವಿ ಕಸ್ಕಿ ಎಂಬ ಸಂಶೋಧಕಿ. ವಿಶ್ವವಿದ್ಯಾಲಯದ ಹಿಂಭಾಗದಲ್ಲಿ ಆಕೆ ಉಕ್ಕಿನ ದೊಡ್ಡ ಕಣಜವೊಂದನ್ನು ನಿಲ್ಲಿಸಿ, ಮರಳು ತುಂಬಿ, ಬೇಸಿಗೆಯ ಮುಳುಗದ ಸೂರ್ಯನಿಂದ ಬಂದ ವಿದ್ಯುತ್ತಿನಲ್ಲಿ ಅದನ್ನು ಕಾಯಿಸಿದ್ದಳು. ಆ ಶಾಖ ಚಳಿಗಾಲ ಕಳೆಯುವವರೆಗೆ ಉಳಿದರೆ, ಪಕ್ಕದ ಶಿಶುವಿಹಾರದ ಎಣ್ಣೆ ಬಾಯ್ಲರನ್ನು ಕಿತ್ತುಹಾಕಿ ಮರಳಿನ ಶಾಖವನ್ನೇ ಬಳಸಲು ಪುರಸಭೆ ಒಪ್ಪಿತ್ತು. ಕೊಳವೆ ಆಗಲೇ ಹೂತಿದ್ದರು, ಕವಾಟ ತೆರೆಯುವುದಷ್ಟೇ ಬಾಕಿ. ಹಿಲ್ಲೆವಿಯ ಮಗಳು ಸೆಲ್ಮಾ ಹೋಗುತ್ತಿದ್ದುದು ಅದೇ ಶಿಶುವಿಹಾರಕ್ಕೆ. ಅಮ್ಮನ ಮರಳು ತನ್ನ ಕಾಲು ಬೆಚ್ಚಗಿಡುತ್ತದೆಂದು ಆ ಮಗು ಊರಿಗೆಲ್ಲ ಡಂಗುರ ಸಾರಿತ್ತು.

ಚಳಿ ಶುರುವಾಗುತ್ತಿದ್ದಂತೆ ರಾಜಧಾನಿಯಿಂದ ಮೌಲ್ಯಮಾಪನ ಸಮಿತಿ ಬರುವ ಸುದ್ದಿ ಬಂತು. ಬಂದವರನ್ನು ಸೌನಾ ಎಂಬ ಹಬೆಸ್ನಾನದ ಕೋಣೆಯಲ್ಲಿ ಕೂರಿಸದೆ ಕಳಿಸುವುದು ನಮ್ಮಲ್ಲಿ ಅನ್ನ ಹಾಕದೆ ಅಟ್ಟಿದಷ್ಟೇ ಅವಮಾನ. ಆದರೆ ಇಂಗಾಲ ಕಡಿಮೆ ಮಾಡುವ ಸಂಸ್ಥೆಯಲ್ಲಿ ಸೌದೆಯ ಹೊಗೆ ಏಳುವುದು ಶೋಭೆಯಲ್ಲ. ಹಾಗಾಗಿ ಅತಿಥಿ ಸೌನಾವನ್ನು ಮರಳಿನ ಕಣಜಕ್ಕೆ ಜೋಡಿಸೋಣವೆಂದು ನಿರ್ದೇಶಕ ರೈಮೊ ಪೆಲ್ಟೋಲ ಸಭೆಯಲ್ಲಿ ಪ್ರಸ್ತಾಪಿಸಿ, ಆಕ್ಷೇಪಣೆ ಇದೆಯೇ ಎಂದು ಕೇಳಿದರು.

ಎಲ್ಲರೂ ಸುಮ್ಮನಿದ್ದರು. ನಮ್ಮ ಸೀಮೆಯಲ್ಲಿ ಕೇಳಿದ ತಕ್ಷಣ ಬಾಯಿ ತೆರೆಯುವುದು ಸಭ್ಯರ ಲಕ್ಷಣವಲ್ಲ. ಹಿಲ್ಲೆವಿ ತನ್ನ ಆಕ್ಷೇಪಣೆಯನ್ನು ಮನಸ್ಸಿನಲ್ಲೇ ಜೋಡಿಸಿ, ಅದರ ಒರಟುತನ ತೆಗೆದು, ಹೇಳಬಹುದೆಂದು ತೀರ್ಮಾನಿಸುವ ಹೊತ್ತಿಗೆ ಪ್ರಸ್ತಾಪ ಸರ್ವಾನುಮತದಿಂದ ಅಂಗೀಕಾರವಾಗಿ, ಎಲ್ಲರೂ ಕಾಫಿಗೆ ಎದ್ದಿದ್ದರು.

ಸಮಿತಿ ಬಂತು, ಬೆವರಿತು, ಮಂಜುಗಡ್ಡೆ ಕೊರೆದ ನದಿಯಲ್ಲಿ ಮುಳುಗಿ ಎದ್ದು ಸಾಸೇಜ್ ತಿಂದಿತು. ಸಂಶೋಧನೆಯ ಗುಣಮಟ್ಟ ಮೂಳೆಯವರೆಗೂ ತಲುಪಿದೆ ಎಂದು ಬರೆದು ‘ಅತ್ಯುತ್ತಮ’ ಶ್ರೇಣಿ ನೀಡಿತು. ಆ ಶ್ರೇಣಿಯನ್ನು ನಂಬಿದ ಪುರಸಭೆ ವಸಂತದವರೆಗೂ ಕಾಯದೆ ಶಿಶುವಿಹಾರದ ಬಾಯ್ಲರ್ ಕಿತ್ತಿತು. ಅದೇ ಶ್ರೇಣಿಯ ಗುಟ್ಟು ತಿಳಿಯಲು ಸಚಿವಾಲಯದವರು ಬಂದರು, ನೆರೆಯ ಸ್ವೀಡನ್ನಿನವರು ಬಂದರು, ಅವರೆಲ್ಲ ಸರಿಯಾಗಿ ಬೆವರಿದರೋ ಇಲ್ಲವೋ ನೋಡಲು ಮತ್ತೊಂದು ಸಮಿತಿಯೂ ಬಂತು. ನಿರ್ದೇಶಕರು ಪ್ರಕಟಣೆ ಹೊರಡಿಸಿದರು: ‘ಅತಿಥಿಗಳು ಸೌನಾದಲ್ಲಿರುವಾಗ ಶಿಶುವಿಹಾರದ ಕವಾಟ ತೆರೆಯುವುದನ್ನೂ ಮರಳಿನ ಉಷ್ಣತೆ ಅಳೆಯುವುದನ್ನೂ ನಿಷೇಧಿಸಲಾಗಿದೆ. ಸಂಶೋಧನೆಯು ಆತಿಥ್ಯಕ್ಕೆ ಅಡ್ಡಿಯಾಗಬಾರದು.’

ಕ್ರಿಸ್‌ಮಸ್ ಕಳೆಯುವಷ್ಟರಲ್ಲಿ ಮರಳು ತಣ್ಣಗಾಗಿತ್ತು. ಹಿಲ್ಲೆವಿ ಈ ಸಲ ಸಭೆಗೆ ಕಾಯದೆ ನೇರ ರೈಮೊ ಅವರ ಕೋಣೆಗೆ ನುಗ್ಗಿದಳು.

“ಮರಳಲ್ಲಿ ಬಿಸಿನೇ ಇಲ್ಲ ರೈಮೊ. ಎಲ್ಲಾ ನಿಮ್ಮ ಅತಿಥಿಗಳ ಬೆನ್ನಿಗೇ ಹೋಯ್ತು.”

“ನೋಡಮ್ಮಾ ಹಿಲ್ಲೆವಿ, ಅತ್ಯುತ್ತಮ ಅಂತ ಬರೆದಾಗಿದೆ. ಅತ್ಯುತ್ತಮ ಮರಳು ತಣ್ಣಗಾಗೋಕೆ ಹೇಗೆ ಸಾಧ್ಯ?”

“ಮುಟ್ಟಿ ನೋಡಿ.”

ರೈಮೊ ಕಣಜದವರೆಗೆ ನಡೆದು ಮುಟ್ಟಿ ನೋಡಿದರು, ಕೈ ಜೇಬಿಗೆ ಹಾಕಿಕೊಂಡರು. ಮಾರ್ಚಿನಲ್ಲಿ ಅಂತಿಮ ಪರಿಶೀಲನೆ ಇತ್ತು. ಶಾಖ ಉಳಿದಿದೆಯೆಂದು ತೋರಿಸಲು ಶಾಖ ಬೇಕಾಗಿತ್ತು. ಪುರಸಭೆಯ ಗೋದಾಮಿನಲ್ಲಿ ಶಿಶುವಿಹಾರದ ಎಣ್ಣೆ ಬಾಯ್ಲರ್ ಸುಮ್ಮನೆ ಬಿದ್ದಿತ್ತು. ಅದನ್ನು ತಂದು ಕಣಜಕ್ಕೆ ಜೋಡಿಸಿದರು. ಹೊಗೆ ಕಂಡು ಅತಿಥಿಗಳು ಬೇಸರಪಟ್ಟುಕೊಳ್ಳದಂತೆ ಹೊಗೆಕೊಳವೆಯ ಬಾಯನ್ನು ಶಿಶುವಿಹಾರದ ಕಡೆಗೆ ತಿರುಗಿಸಲಾಯಿತು.

ಬಿಸಿಯಾದ ಮರಳಿನ ಶಾಖದಲ್ಲಿ ಮಕ್ಕಳಿಗೂ ಒಂದಿಷ್ಟು ಬಿಡಿ ಎಂದು ಹಿಲ್ಲೆವಿ ಕೇಳಿದಳು. ಬಿಟ್ಟರೆ ಉಷ್ಣತೆ ಇಳಿದು ಪ್ರಯೋಗ ವಿಫಲವಾಗುತ್ತದೆ, ವಿಫಲವಾದರೆ ಶಿಶುವಿಹಾರಕ್ಕೆ ಹೂತ ಕೊಳವೆಯನ್ನೂ ಅಗೆದು ತೆಗೆಯುತ್ತಾರೆ ಎಂದು ರೈಮೊ ವಿವರಿಸಿದರು. ವಾದದಲ್ಲಿ ತಪ್ಪಿರಲಿಲ್ಲ. ಮಗಳಿಗೆ ಮುಂದೆಂದಾದರೂ ಬಿಸಿ ಸಿಗಬೇಕಾದರೆ ಈಗ ಸಿಗಬಾರದು ಎಂಬುದನ್ನು ಹಿಲ್ಲೆವಿ ಒಪ್ಪಿಕೊಳ್ಳಬೇಕಾಯಿತು. ಒಪ್ಪಿದ್ದಕ್ಕೆ ಅವಳಿಗೆ ನಾಚಿಕೆಯಾಯಿತು; ಆದರೂ ಒಪ್ಪಿದಳು.

ಶಿಶುವಿಹಾರವೂ ಹಿಂದೆ ಬೀಳಲಿಲ್ಲ. ಒಳಾಂಗಣವನ್ನು ಇನ್ನು ಮುಂದೆ ಹೊರಾಂಗಣವೆಂದು ಪರಿಗಣಿಸಲಾಗುವುದೆಂದೂ, ಮಕ್ಕಳು ಹಿಮದ ಉಡುಪಿನಲ್ಲೇ ಕೂತು ಗಂಜಿ ಕುಡಿಯತಕ್ಕದ್ದೆಂದೂ ಸುತ್ತೋಲೆ ಬಂತು. ಪೋಷಕರು ಮೆಚ್ಚಿದರು. ಕೂಸುಗಳನ್ನು ಗಾಡಿಯಲ್ಲಿ ಮಲಗಿಸಿ ಚಳಿಯಲ್ಲೇ ನಿದ್ದೆ ಮಾಡಿಸುವ ಜನ ನಾವು. ಗೋಡೆಯಿರುವ ಚಳಿ ನಮಗೆ ಐಷಾರಾಮವಾಗಿಯೇ ಕಂಡಿತು.

ಮಾರ್ಚಿನಲ್ಲಿ ಮರಳನ್ನು ಅಳೆದರು. ಚಳಿಗಾಲಕ್ಕೆ ಮೊದಲಿನ ಅಳತೆಗಿಂತ ಒಂದು ಡಿಗ್ರಿಯೂ ಇಳಿದಿರಲಿಲ್ಲ, ಸ್ವಲ್ಪ ಏರಿಯೇ ಇತ್ತು. ಬಳಸಿದಷ್ಟೂ ಹೆಚ್ಚುವ ಶಾಖದ ಬಗ್ಗೆ ಪರಿಶೀಲಕರು ಬೆರಗಾದರು, ಬೆರಗನ್ನು ಕೂಲಂಕಷವಾಗಿ ಅಧ್ಯಯನ ಮಾಡಲು ವರ್ಷವಿಡೀ ಬರುವುದಾಗಿ ತಿಳಿಸಿದರು. ಹಿಲ್ಲೆವಿಯನ್ನು ಪ್ರಾಧ್ಯಾಪಕಿಯಾಗಿ ಮಾಡಿದರು. ಫಲಿತಾಂಶಕ್ಕೆ ಆಕೆ ಸಹಿ ಹಾಕಿದಳು.

ಅಂದು ಸಂಜೆ ಮಗಳನ್ನು ಕರೆತರಲು ಹೋದಾಗ ಸೆಲ್ಮಾ ಮೇಜಿನ ಬಳಿ ಕೈಗವಸು ಹಾಕಿಕೊಂಡೇ ಚಿತ್ರ ಬರೆಯುತ್ತಿದ್ದಳು.

“ಅಮ್ಮಾ, ನಿನ್ನ ಮರಳು ಬಿಸಿ ಇದೆಯಂತೆ?”

“ಇದೆ ಪುಟ್ಟಿ. ಎಲ್ಲರೂ ನೋಡಿದ್ರು.”

“ನಮಗೆ ಯಾವಾಗ ಬರತ್ತೆ?”

“ಅತಿಥಿಗಳ ಸ್ನಾನ ಮುಗಿದ ಮೇಲೆ.”

ಸೆಲ್ಮಾ ತನ್ನ ಗೊಂಬೆಯನ್ನು ಎತ್ತಿಕೊಂಡಳು. ಆಮೇಲೆ, ಹಾಗಾದರೆ ಗೊಂಬೆಗೂ ಒಂದು ಟೊಪ್ಪಿ ಹೆಣೆದುಕೊಡು ಎಂದಳು. ಮನೆಗೆ ಹೋಗುವ ದಾರಿಯಲ್ಲಿ ಪ್ರಾಧ್ಯಾಪಕಿ ಉಣ್ಣೆ ಕೊಂಡಳು, ದಪ್ಪನೆಯದು.