ಗಂಟೆಗೆ ಎಂಬತ್ನಾಲ್ಕು ಕಿಲೋಮೀಟರ್

ಈ ಹೈದರಾಬಾದಿನಲ್ಲಿ ನನ್ನಷ್ಟು ವೇಗದ ಮನುಷ್ಯ ಇನ್ನೊಬ್ಬನಿಲ್ಲ ಎಂದು ಸಾಧಿಸಿ ತೋರಿಸಿಯೇ ಬಿಡುತ್ತೇನೆ! ಹೀಗೆಂದು ನಾನು ಘೋಷಿಸಿದ್ದು ಎರಡು ಸಾವಿರದ ಏಳನೆಯ ಇಸವಿಯ ಮೊದಲ ಸೋಮವಾರ, ಸನತ್‌ನಗರದ ನಮ್ಮ ಮನೆಯ ಅಡುಗೆಮನೆ ಬಾಗಿಲಲ್ಲಿ ನಿಂತು. ಕೇಳಿಸಿಕೊಂಡವರು ರೊಟ್ಟಿ ಬಡಿಯುತ್ತಿದ್ದ ನನ್ನ ಹೆಂಡತಿ ಅಹಲ್ಯಾ ಮತ್ತು ಆ ರೊಟ್ಟಿ. ರೊಟ್ಟಿಯಾದರೂ ಸ್ವಲ್ಪ ಉಬ್ಬಿತು.

"ಭಾಳ ಛಲೋ ಆತು," ಎಂದಳು ಅಹಲ್ಯಾ. "ಮೊದಲ ಹೋಗಿ ಕಾಲ ತೊಳಕೊಂಡ ಬರ್ರಿ. ಊಟಕ್ಕ ಕರದು ಅರ್ಧಾ ತಾಸಾತು."

ನನ್ನ ಈ ವೀರಾವೇಶಕ್ಕೆ ಕಾರಣ ನಮ್ಮ ಆಫೀಸಿನ ತನ್ವಿ. ಹೈಟೆಕ್ ಸಿಟಿಯ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ನಾನು ಪ್ರಾಜೆಕ್ಟ್ ಮ್ಯಾನೇಜರ್. ನನ್ನ ಕೈಕೆಳಗೆ ಹದಿನಾಲ್ಕು ಮಂದಿ. ಅವರಲ್ಲಿ ಕುಂದಾಪುರದ ಈ ಹುಡುಗಿಗೆ ಕೈಟ್‌ಸರ್ಫಿಂಗ್ ಎಂಬ ಹವ್ಯಾಸ. ಕಾಲ ಕೆಳಗೊಂದು ಹಲಗೆ, ತಲೆಯ ಮೇಲೆ ಮದುವೆ ಚಪ್ಪರದಷ್ಟು ದೊಡ್ಡ ಗಾಳಿಪಟ. ಗಾಳಿ ಪಟವನ್ನು ಎಳೆಯುತ್ತದೆ, ಪಟ ನಿಮ್ಮನ್ನು ಎಳೆಯುತ್ತದೆ, ನೀವು ನೀರಿನ ಮೇಲೆ ಜಾರುತ್ತ ಹೋಗುತ್ತೀರಿ. ಎಷ್ಟು ಜೋರಾಗಿ ಹೋದಿರಿ ಎಂದು ತೋಳಿಗೆ ಕಟ್ಟಿದ ಅಂಗೈಯಗಲದ ಜಿಪಿಎಸ್ ಯಂತ್ರ ಹೇಳುತ್ತದೆ. ಆ ಸೋಮವಾರ ತನ್ವಿ ಬಂದು, "ನನ್ನ ಟಾಪ್ ಸ್ಪೀಡ್ ನಲವತ್ತೊಂದು!" ಎಂದಾಗ ಉಳಿದ ಹದಿಮೂರು ಮಂದಿ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನನ್ನ ಪ್ರಾಜೆಕ್ಟ್ ಮುಗಿದಾಗಲೂ ಇಷ್ಟು ಚಪ್ಪಾಳೆ ಬಿದ್ದಿರಲಿಲ್ಲ. ನನ್ನ ಯಾವ ಪ್ರಾಜೆಕ್ಟೂ ಮುಗಿದಿರಲಿಲ್ಲ ಎಂಬುದು ಬೇರೆ ಮಾತು!

"ಏನವ್ವಾ ತನ್ವಿ, ಗಾಳಿಪಟದ ಮಾತು ನನ್ನ ಮುಂದ ಆಡ್ತೀಯೇನು?" ಎಂದೆ. "ಎಂಬತ್ತೈದನೇ ಇಸವಿ ಸಂಕ್ರಾಂತಿಗೆ ಸನತ್‌ನಗರದ ಮಾಳಿಗಿ ಮ್ಯಾಲೆ ನಿಂತು ಒಂದ ದಿನದಾಗ ಹದಿನೇಳು ಪತಂಗ ಕಡದಾಂವ ನಾನು!"

"ಸರ್, ಅದು ಬೇರೆ, ಇದು ಬೇರೆ."

"ದಾರ ಐತಿಲ್ಲೋ? ಗಾಳಿ ಐತಿಲ್ಲೋ? ಮುಗೀತು!"

ಇನ್ನು ಅಹಲ್ಯಾಳ ವಿಷಯ. ಮೂರು ವರ್ಷದ ಹಿಂದೆ ಅವಳು ಕಾರು ಕಲಿತು ಲೈಸೆನ್ಸ್ ಪಡೆದಳು. ಮೊದಲ ದಿನ ಪಕ್ಕದ ಸೀಟಿನಲ್ಲಿ ಮಾರ್ಗದರ್ಶಕನಾಗಿ ನಾನು ಕುಳಿತೆ. ಮನೆಯಿಂದ ಅಮೀರ್‌ಪೇಟೆಯವರೆಗೆ ನಾನು ಅರವತ್ತೆರಡು ಸಲ "ನಿಧಾನ!" ಎಂದೆನಂತೆ. ಇದು ಅವಳ ಲೆಕ್ಕ. ನನ್ನ ಪ್ರಕಾರ ಐವತ್ತು ದಾಟಿರಲಾರದು. ಅಮೀರ್‌ಪೇಟೆ ಸಿಗ್ನಲ್ಲಿನಲ್ಲಿ ಅವಳು ಎಂಜಿನ್ ಆರಿಸಿದಳು, ಕೀಲಿಯನ್ನು ನನ್ನ ತೊಡೆಯ ಮೇಲಿಟ್ಟಳು, ಇಳಿದು ಆಟೋ ಹತ್ತಿ ಮನೆಗೆ ಹೋದಳು. ಅಂದಿನಿಂದ ಸ್ಟೇರಿಂಗ್ ಮುಟ್ಟಿಲ್ಲ. ಗೆಳತಿ ಜಯಮ್ಮನನ್ನು ಕೂರಿಸಿಕೊಂಡು ಹೊಸವರ್ಷದಿಂದ ಒಂದೂವರೆ ತಿಂಗಳು ನಡೆಯುವ ನಾಂಪಲ್ಲಿಯ ಎಕ್ಸಿಬಿಷನ್ನಿಗೆ ತಾನೇ ಕಾರು ಹೊಡೆದುಕೊಂಡು ಹೋಗಬೇಕೆಂಬ ಆಸೆ ಮಾತ್ರ ಪ್ರತಿ ಜನವರಿಯಲ್ಲೂ ಅವಳ ಕಣ್ಣಲ್ಲಿ ಬಂದು ಹೋಗುತ್ತಿತ್ತು. ಪ್ರತಿ ಜನವರಿಯಲ್ಲೂ ನಾನೇ ಕರೆದೊಯ್ದು, ಒಂದೇ ತಾಸಿನಲ್ಲಿ "ಸಾಕು, ನಡೀರಿ" ಎಂದು ವಾಪಸು ತರುತ್ತಿದ್ದೆ.

ಈಗ ತನ್ವಿಯ ಕಥೆಯನ್ನೆಲ್ಲ ಕೇಳಿದ ಅವಳು ರೊಟ್ಟಿ ತಿರುವಿ ಹಾಕಿ ನನ್ನತ್ತ ನೋಡಿದಳು.

"ಒಂದ ಪಂಥ ಕಟ್ಟೂಣೇನ್ರಿ? ಆ ಹುಡುಗೀ ನಲವತ್ತೊಂದು ನೀವು ದಾಟಿದ್ರ, ನಾ ಜಲ್ಮದಾಗ ಕಾರಿನ ಹೆಸರ ತಗೀದಿಲ್ಲ. ದಾಟಲಿಲ್ಲಂದ್ರ ಈ ಸಲ ಎಕ್ಸಿಬಿಷನ್ನಿಗೆ ನಾನ ಹೊಡಕೊಂಡ ಹೋಗಾಕಿ. ನೀವು ಮನ್ಯಾಗ."

"ಜಯಮ್ಮಾರಿಗೆ ಈಗ ಹೇಳಿಬಿಡು, ನಿರಾಶೆ ಆಗತೈತಿ ಅಂತ!" ಎಂದೆ.

ಶಂಕರಪಲ್ಲಿ ದಾರಿಯಲ್ಲೊಂದು ದೊಡ್ಡ ಕೆರೆ. ಮೂರು ಭಾನುವಾರ ಅದರ ದಡದಲ್ಲಿ ತನ್ವಿ ನನಗೆ ಪಾಠ ಮಾಡಿದಳು. ಪಾಠದ ಸಾರ ಒಂದೇ: "ಹೆದರಿಕೆ ಆದ್ರೆ ಕೈಯಲ್ಲಿರೋ ಹಿಡಿಕೋಲು ಬಿಟ್ಟುಬಿಡಿ ಸರ್. ಪಟದ ಜೋರು ತಾನಾಗೇ ಇಳಿಯತ್ತೆ. ಎಳೆದ್ರೆ ಮಾತ್ರ ಕೆಟ್ಟಿರಿ." ಹದಿನೇಳು ಪತಂಗ ಕಡಿದವನು ಇಂಥ ಬಾಲಪಾಠಕ್ಕೆ ಕಿವಿಗೊಡುತ್ತಾನೆಯೇ?

ನಾಲ್ಕನೆಯ ಭಾನುವಾರ ನೀರಿಗಿಳಿಯುವ ಮುಹೂರ್ತ. ಅಹಲ್ಯಾಳೂ ಬುತ್ತಿ ಕಟ್ಟಿಕೊಂಡು ಬಂದಿದ್ದಳು. ತನ್ವಿ ತನ್ನ ಜಿಪಿಎಸ್‌ನ ಗುಂಡಿ ಒತ್ತಿ, "ಈಗ ಸೊನ್ನೆ ಸರ್. ಇಲ್ಲಿಂದ ಮುಂದೆ ನೀವು ಎಷ್ಟು ಜೋರಾಗಿ ಹೋದ್ರೂ ಇದು ನೆನಪಿಟ್ಟುಕೊಳ್ಳತ್ತೆ," ಎಂದಳು. ನೀರು ತಾಗಿದರೂ ಅದಕ್ಕೇನೂ ಆಗುವುದಿಲ್ಲವಂತೆ. ಅಹಲ್ಯಾ ನಂಬಲಿಲ್ಲ. ತೊಳೆದು ಒಣಗಿಸಿಟ್ಟ ಎರಡು ಹಾಲಿನ ಪಾಕೀಟುಗಳಲ್ಲಿ ಅದನ್ನಿಟ್ಟು, ಮೂರು ರಬ್ಬರ್ ಬ್ಯಾಂಡ್ ಸುತ್ತಿ, ಹಳೆಯ ಸೀರೆಯ ಅಂಚಿನಿಂದ ನನ್ನ ತೋಳಿಗೆ ತಾಯತದ ಹಾಗೆ ಬಿಗಿದಳು. ಐದು ಗಂಟು! ಕೊನೆಯ ಗಂಟು ಹಾಕುವಾಗ, "ಸೋತ್ರೂ ನಡೀತೈತಿ, ಜ್ವಾಕಿರಿ," ಎಂದು ಮೆಲ್ಲಗೆ ಅಂದಳು.

ಪಟ ಏರಿತು. ನಾನು ಹಲಗೆಯ ಮೇಲೆ ಎದ್ದು ನಿಂತೆ! ಪೂರ್ತಿ ಮೂರು ಸೆಕೆಂಡು. (ತನ್ವಿ ಒಂದೂವರೆ ಎನ್ನುತ್ತಾಳೆ.) ಅಷ್ಟರಲ್ಲಿ ಗಾಳಿ ಜೋರಾಗಿ ಬಂತು, ಪಟ ಎಡಕ್ಕೆ ವಾಲಿತು. ವಾಲಿದ್ದೇ ತಡ, ನನ್ನ ಕೈಗಳಲ್ಲಿ ಎಂಬತ್ತೈದರ ಸಂಕ್ರಾಂತಿ ಎಚ್ಚರಾಯಿತು. ಮಾಳಿಗೆಯ ಮೇಲೆ ಪತಂಗ ವಾಲಿದರೆ ಏನು ಮಾಡುತ್ತಾರೆ? ಎಳೆಯುತ್ತಾರೆ!

"ಬಿಡಿ ಸರ್! ಬಿಡಿ!" ಎಂದು ತನ್ವಿ ಚೀರಿದಳು.

"ಲಾಗು ಸಾರ್! ಲಾಗು!" ಎಂದು ದಡದಲ್ಲಿ ಎಮ್ಮೆ ಮೈ ತೊಳೆಯುತ್ತಿದ್ದವರು ಎಳೆಯಲು ತೆಲುಗಿನಲ್ಲಿ ಹುರಿದುಂಬಿಸಿದರು. ಅವರೂ ಸಂಕ್ರಾಂತಿಯ ಮಂದಿಯೇ. ನಾನು ಬಹುಮತಕ್ಕೆ ಬೆಲೆ ಕೊಟ್ಟು ಎಳೆದೆ.

ಆಮೇಲೆ ನಾನು ಕೆರೆಯಲ್ಲಿರಲಿಲ್ಲ, ಅದರ ಮೇಲಿದ್ದೆ. ಒಂದು ಎಮ್ಮೆ ತಲೆಯೆತ್ತಿ ನನ್ನನ್ನು ನೋಡಿತು. ಎಮ್ಮೆಗಳು ಮೇಲೆ ನೋಡುವುದು ಅಪರೂಪ. ನಾನು ಹೊಟ್ಟೆಯಡಿಯಾಗಿ ನೀರಿಗೆ ಅಪ್ಪಳಿಸಿದೆ, ಹಲ್ಲಿನ ಎರಡೂ ಸಾಲು ನಾಲಿಗೆಯ ಮೇಲೆ ಕೂಡಿಕೊಂಡವು, ಪಟ ನನ್ನನ್ನು ಜೊಂಡಿನ ನಡುವೆ ದರದರ ಎಳೆದುಕೊಂಡು ಹೋಗಿ ದಡದ ಕೆಸರಿಗೆ ಒಪ್ಪಿಸಿತು.

ಅಹಲ್ಯಾ ಸೀರೆ ಸಮೇತ ಕೆಸರಿಗಿಳಿದು ಓಡಿ ಬಂದಳು. "ಏನಾತ್ರಿ? ಎಲ್ಲಿ ಹತ್ತೇತಿ? ಮಾತಾಡ್ರಿ!"

ಮಾತಾಡಲು ಬಾಯಿ ತೆರೆದೆ. ಮಾತಿನ ಬದಲು ರಕ್ತ ಬಂತು.

ತನ್ವಿ ಬಂದಿದ್ದು ಸ್ಕೂಟಿಯಲ್ಲಿ, ಕಾರು ಅವಳಿಗೆ ಬರದು. ಮುಂದಿನದು ನನಗೆ ಸರಿಯಾಗಿ ನೆನಪಿಲ್ಲ. ಬಾಯಿಗೆ ಟವೆಲ್ ಒತ್ತಿಕೊಂಡು, ಕಣ್ಣು ಮುಚ್ಚಿ, ಕಾರಿನ ಸೀಟಿಗೊರಗಿ ಮನೆದೇವರನ್ನು ನೆನೆಯುತ್ತಿದ್ದೆ. ಕಣ್ಣು ತೆರೆದಾಗ ಎದುರಿಗೆ ನರ್ಸಿಂಗ್ ಹೋಮ್.

ಭುಜಕ್ಕೆ ಪಟ್ಟಿ, ನಾಲಿಗೆಗೆ ಎರಡು ಹೊಲಿಗೆ. ನಾಲ್ಕು ದಿನ ಮಾತಾಡುವಂತಿಲ್ಲ ಎಂದರು ಡಾಕ್ಟರು. "ಎಂಟ ದಿನ ಅಂತ ಬರೀರಿ ಡಾಕ್ಟ್ರ," ಎಂದಳು ಅಹಲ್ಯಾ.

ನರ್ಸಮ್ಮ ತೋಳಿನ ಐದು ಗಂಟು ಕತ್ತರಿಸಿ ಹಾಲಿನ ಪಾಕೀಟನ್ನು ಕೈಗೆ ಕೊಟ್ಟಳು. ಬಿಚ್ಚಿ ನೋಡುತ್ತೇನೆ: ಅತಿ ಹೆಚ್ಚು ವೇಗ, ಎಂಬತ್ನಾಲ್ಕು! ನೋವೆಲ್ಲ ಹಾರಿಹೋಯಿತು. ಬಾಯಿ ಬರದ ನಾನು ಯಂತ್ರವನ್ನು ತೋರಿಸಿದೆ, ಎದೆ ತಟ್ಟಿಕೊಂಡೆ, ಮಂಚದ ಮೇಲೆ ಕುಳಿತಲ್ಲೇ ಕುಣಿದೆ. ಅಹಲ್ಯಾ ಆ ಅಂಕಿಯನ್ನು ನೋಡಿದಳು. ಆಮೇಲೆ ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು.

"ಆತು ಬಿಡ್ರಿ," ಎಂದಳು. "ನೀವ ಗೆದ್ರಿ. ಇನ್ನ ಕಾರಿನ ಹೆಸರ ತಗೀದಿಲ್ಲ."

ನಾಲಿಗೆ ಗುಣವಾದ ದಿನವೇ ಆಫೀಸಿಗೆ ಪೇಡೆ ಹಂಚಿದೆ. ತನ್ವಿಗೆ ಮಾತ್ರ ಅನುಮಾನ. "ಎಂಬತ್ನಾಲ್ಕಾ ಸರ್? ನಾನು ನೋಡಿದ್ರಲ್ಲಿ..."

"ನೀ ನೋಡಿದ್ದು ಕಣ್ಣಿಂದ. ಇದು ನೋಡಿದ್ದು ಉಪಗ್ರಹದಿಂದ! ಹಚ್ಚು ಪ್ರೊಜೆಕ್ಟರ್!"

ಹದಿನಾಲ್ಕು ಮಂದಿಯೂ ಮೀಟಿಂಗ್ ರೂಮಿನಲ್ಲಿ ಸೇರಿದರು. ತನ್ವಿ ಜಿಪಿಎಸ್ಸನ್ನು ಕಂಪ್ಯೂಟರಿಗೆ ಜೋಡಿಸಿದಳು. ಪರದೆಯ ಮೇಲೆ ನಕ್ಷೆ ಮೂಡಿತು. ಕೆರೆಯೊಳಗೆ, ಕೂಸು ಬಳಪ ಹಿಡಿದು ಗೀಚಿದಂಥ ಒಂದು ಕೆಂಪು ಗೆರೆ.

"ಇದು ನೀವು ಸರ್. ಇಲ್ಲಿ ಅತಿ ಹೆಚ್ಚು ಅಂದ್ರೆ ಹನ್ನೊಂದು."

"ಮುಂದ ನೋಡು, ಮುಂದ!"

ಮುಂದೆ ಆ ಗೆರೆ ಕೆರೆಯಿಂದ ಎದ್ದು ದಡ ಹತ್ತಿತು. ಹುಣಸೆಮರದ ಕೆಳಗೆ, ನಮ್ಮ ಕಾರು ನಿಂತಿದ್ದಲ್ಲಿ, ಒಂದು ಗಳಿಗೆ ನಿಂತಿತು. ಆಮೇಲೆ ಡಾಂಬರು ರಸ್ತೆಗೆ ಬಿದ್ದು ಬಾಣದ ಹಾಗೆ ಊರ ಕಡೆಗೆ ಹೊರಟಿತು.

"ಎಂಬತ್ನಾಲ್ಕು ಇಲ್ಲಿದೆ ಸರ್," ಎಂದಳು ತನ್ವಿ ಮೆತ್ತಗೆ. "ರೈಲ್ವೆ ಗೇಟ್ ದಾಟಿದ ಮೇಲೆ."

"ಸರ್," ಎಂದು ಹಿಂದಿನ ಸಾಲಿನಿಂದ ದಿನೇಶ ಕೈಯೆತ್ತಿದ. "ಗೇಟ್ ಹಾಕಿದಾಗ ಹಲಗೆ ಮೇಲೇ ನಿಂತಿದ್ರೋ, ಇಳಿದಿದ್ರೋ?"

ಮ್ಯಾನೇಜರ್ ಎಂಬ ಗೌರವಕ್ಕೆ ಎಲ್ಲರೂ ನಗು ತಡೆದುಕೊಂಡರು. ಸುಮಾರು ಎರಡು ಸೆಕೆಂಡು.

ಮನೆಗೆ ಬಂದೆ. ಅಹಲ್ಯಾ ಸೊಪ್ಪು ಸೋಸುತ್ತಿದ್ದಳು.

"ನಿನಗ ಗೊತ್ತಿತ್ತೇನು?"

ಏನೆಂದು ಅವಳು ಕೇಳಲಿಲ್ಲ. "ಕಾರಿನ ಮೀಟರ್ ನನ್ನ ಮುಂದನ ಇತ್ತಲ್ರಿ."

"ಮತ್ತ ಯಾಕ ಹೇಳಲಿಲ್ಲ? ಪಂಥ ನೀ ಗೆದ್ದಿದ್ದಿ!"

"ಬಾಯಾಗ ಹೊಲಿಗಿ, ಹೆಗಲಿಗೆ ಪಟ್ಟಿ, ಅದರಾಗೂ ಸಣ್ಣ ಹುಡುಗೂರ ಹಂಗ ಕುಣ್ಯಾಕತ್ತಿದ್ರಿ. ಹೆಂಗ ಹೇಳ್ಲಿ?"

ಕಾರಿನ ಕೀಲಿಯನ್ನು ತೆಗೆದು ಅವಳ ಅಂಗೈಯಲ್ಲಿಟ್ಟೆ. ಸೊಪ್ಪಿನ ಕಡ್ಡಿಗಳ ಜೊತೆಗೆ ಅವಳು ಅದನ್ನು ಬಿಗಿಯಾಗಿ ಹಿಡಿದುಕೊಂಡಳು.

"ಆದ್ರ ಅಹಲ್ಯಾ, ಎಂಬತ್ನಾಲ್ಕು! ಮೂರು ವರ್ಷ ಸ್ಟೇರಿಂಗ್ ಮುಟ್ಟಿದ್ದಿಲ್ಲ ನೀ. ಅಷ್ಟ ಧೈರ್ಯ ಎಲ್ಲಿಂದ ಬಂತು?"

"ಧೈರ್ಯ ಎಲ್ಲೀದ್ರಿ, ಅಂಜಿಕಿ!" ಎಂದಳು. "ನಲವತ್ತಕ್ಕ ಹೋದೆ, ನೀವು 'ನಿಧಾನ' ಅನ್ನಲಿಲ್ಲ. ಅರವತ್ತಾತು, ಅನ್ನಲಿಲ್ಲ. ಎಂಬತ್ತಾತು, ಆಗೂ ಅನ್ನಲಿಲ್ಲ! ನನ್ನ ಗಂಡ ಇನ್ನ ಉಳ್ಯಾಂಗಿಲ್ಲ ಅಂತ ತಿಳದು ಮತ್ತೂ ಜೋರ ಒತ್ತಿದೆ." ಮಾತಿನ ಕೊನೆಗೆ ಸೆರಗು ಕಣ್ಣಿಗೆ ಹೋಯಿತು.

ಎಕ್ಸಿಬಿಷನ್ ಮುಗಿಯುವುದಕ್ಕೆ ಇನ್ನೊಂದು ಭಾನುವಾರವಿತ್ತು. ಪಂಥದ ಪ್ರಕಾರ ನಾನು ಮನೆಯಲ್ಲಿರಬೇಕು. "ಹಿಂದಿನ ಸೀಟ್ ಖಾಲಿ ಐತಿ, ಬರ್ರಿ," ಎಂದು ಅಹಲ್ಯಾ ದಯೆ ತೋರಿದಳು. ಮುಂದೆ ಜಯಮ್ಮ, ಹಿಂದೆ ಜಯಮ್ಮನ ಮೂರು ಖಾಲಿ ಚೀಲಗಳು ಮತ್ತು ನಾನು. ಏನಾದರೂ ಸರಿ, ಇವತ್ತು ತುಟಿ ಬಿಚ್ಚುವುದಿಲ್ಲವೆಂದು ಆಣೆ ಮಾಡಿ ಕುಳಿತಿದ್ದೆ. ಅಮೀರ್‌ಪೇಟೆ ಸಿಗ್ನಲ್ ಬಂತು. ಸುಮ್ಮನಿದ್ದೆ. ಒಂದು ಬಸ್ಸು ನಮ್ಮ ಕಿವಿಯ ಪಕ್ಕದಲ್ಲೇ ಹಾದುಹೋಯಿತು. ಉಸಿರು ಹಿಡಿದು ಸುಮ್ಮನಿದ್ದೆ.

ಕನ್ನಡಿಯಲ್ಲಿ ಅಹಲ್ಯಾಳ ಕಣ್ಣು ನನ್ನನ್ನು ಹುಡುಕಿತು. "ಯಾಕ್ರೀ, ಆರಾಮ ಅದೀರಿಲ್ಲೋ? ಒಂದ ಸಲರ ಅನ್ರಿ."

"ನಿಧಾನ," ಎಂದೆ ಸಣ್ಣ ದನಿಯಲ್ಲಿ.

ಅವಳ ಮುಖ ಅರಳಿತು. "ಜಯಮ್ಮಾರ, ನಮ್ಮನಿಯವರು ಆರಾಮ ಅದಾರ," ಎಂದು ಗೇರ್ ಬದಲಿಸಿದಳು. "ಗಟ್ಟಿ ಹಿಡಕೊಂಡ ಕೂಡ್ರಿ!"