ಕಟಿಂಗ್ ಮಾಸ್ಟರ ಸಂದರ್ಶನದ ಕೋಟು

"ನಾಳೆಯಿಂದ ನನ್ನನ್ನ ಯಾರೂ ಮಾಸ್ಟರ್ ಅಂತ ಕರೀಕೂಡದು. ಸೂಪರ್‌ವೈಸರ್ ಅನ್ನಬೇಕು!"

ಯೂನಿಫಾರಂ ಹೊಲಿಯುವ ಕಾರ್ಖಾನೆಯ ಕಟಿಂಗ್ ಮಾಸ್ಟರು ಭಾನುವಾರ ಬೆಳಿಗ್ಗೆ ಹಲ್ಲುಜ್ಜುತ್ತಲೇ ಮನೆಯವರಿಗೆಲ್ಲ ಆಜ್ಞೆ ಹೊರಡಿಸಿದರು. ಮನೆಯವರೆಲ್ಲ ಅಂದರೆ ಇಬ್ಬರೇ: ಹೆಂಡತಿ ಮತ್ತು ಕಾಲೇಜಿಗೆ ಹೋಗುವ ಮಗಳು. ಬಾಯಿ ತುಂಬ ನೊರೆಯಿದ್ದದ್ದರಿಂದ ಆಜ್ಞೆ ಮೂರು ಸಲ ಹೊರಡಬೇಕಾಯಿತು.

ಮಾಸ್ಟರು ಹದಿನೇಳು ವರ್ಷ ನಿಂತೇ ದುಡಿದವರು. ಬಟ್ಟೆ ಹಾಸುವ ಉದ್ದನೆಯ ಮೇಜಿನ ಮುಂದೆ ಬೆಳಿಗ್ಗೆ ನಿಂತರೆ ಸಂಜೆಯೇ ಕಾಲಿಗೆ ಬಿಡುಗಡೆ. ಆ ಮೇಜಿನ ಎದುರಿಗೇ ಒಂದು ಗಾಜಿನ ಕೋಣೆ, ಕೋಣೆಯಲ್ಲಿ ಫ್ಯಾನು, ಫ್ಯಾನಿನ ಕೆಳಗೆ ಗಿರಗಿರ ತಿರುಗುವ ಕುರ್ಚಿ! ಹಳೇ ಸೂಪರ್‌ವೈಸರ್ ಹೋದ ತಿಂಗಳು ನಿವೃತ್ತರಾಗಿ ಕುರ್ಚಿ ಖಾಲಿ ಬಿದ್ದಿತ್ತು. ಅಂದಿನಿಂದ ಮಾಸ್ಟರಿಗೆ ಕೂತರೂ ಕುರ್ಚಿ, ನಿಂತರೂ ಕುರ್ಚಿ. ಮಗಳು ಓದುವ ಸ್ಟೂಲಿನ ಮೇಲೆ ಕೂತು ಗಂಟಲು ಸರಿಮಾಡಿಕೊಂಡು "ಹ್ಞೂಂ... ಆಮೇಲೆ ಬನ್ನಿ" ಎಂದು ಗೋಡೆಗೆ ಹೇಳುವ ಅಭ್ಯಾಸವನ್ನೂ ಮಾಡಿಕೊಂಡಿದ್ದರು.

ಅರ್ಜಿ ಫಾರಂ ತಲೆಗೆ ಒಂದೇ ಒಂದು, ಮ್ಯಾನೇಜರ್ ಮೇಡಂ ಸೀಲು ಒತ್ತಿ ಕೊಟ್ಟದ್ದು. ಸೋಮವಾರ ಹತ್ತು ಗಂಟೆಗೆ ಅರ್ಜಿ ಕೊಡಬೇಕು, ಕೊಟ್ಟಲ್ಲೇ ಸಂದರ್ಶನ. ಮಾಸ್ಟರು ಅದರ ನಾಲ್ಕು ಜೆರಾಕ್ಸ್ ಮಾಡಿಸಿ, ನಾಲ್ಕರಲ್ಲೂ ಬರೆದು ಪಳಗಿ, ಐದನೆಯದಾಗಿ ಅಸಲಿ ಫಾರಮ್ಮಿಗೆ ಪೆನ್ನು ಮುಟ್ಟಿಸಿದರು. ಎಂಟನೇ ಕಲಂ: 'ಸೇವಾವಧಿಯಲ್ಲಿ ಮಾಡಿದ ತಪ್ಪುಗಳು.' ಮಾಸ್ಟರು 'ಒಂದೂ ಇಲ್ಲ' ಎಂದು ಬರೆದು ಅಡಿಗೆ ಎರಡು ಗೆರೆ ಎಳೆದರು.

"ಒಂದೂ ಇಲ್ವಾ ಅಪ್ಪಾ?" ಮಗಳು ಇಣುಕಿ ಕೇಳಿದಳು.

"ಇದ್ದರೆ ತಾನೇ ಬರೆಯೋದು!"

"ಮೊನ್ನೆ ಕಿಟಕಿ ಪರದೆ ಗೇಣುದ್ದ ಗಿಡ್ಡ ಆಗಿತ್ತಲ್ಲ ರೀ?" ಅಡುಗೆಮನೆಯಿಂದ ಹೆಂಡತಿಯ ದನಿ.

"ಪರದೆ ಗಿಡ್ಡ ಆಗಿರಲಿಲ್ಲ ಕಣೇ, ಕಿಟಕಿ ಉದ್ದ ಆಗಿತ್ತು!"

ಶಾಯಿ ಒಣಗಲಿ ಎಂದು ಫಾರಮ್ಮಿನ ಜೋಡಿಹಾಳೆಯನ್ನು ಊಟದ ಮೇಜಿನ ಮೇಲೆ ಅಗಲವಾಗಿ ಬಿಡಿಸಿಟ್ಟು, ಮಾಸ್ಟರು ಚಹಾ ಕುಡಿಯಲು ಹೋದರು. ಚಹಾ ಕುಡಿಯುವಾಗ ಜ್ಞಾನೋದಯವಾಯಿತು. ಸೂಪರ್‌ವೈಸರ್ ಆಗುವವನಿಗೆ ಕೋಟು ಬೇಡವೇ! ಬೀರುವಿನಲ್ಲಿ ಬೂದುಬಣ್ಣದ ಬಟ್ಟೆ ಎಷ್ಟೋ ದಿನದಿಂದ ಬಿದ್ದಿದೆ. ತಾವು ಕತ್ತರಿಸುವುದು, ಹೆಂಡತಿ ಹೊಲಿಯುವುದು, ಸಂಜೆಯೊಳಗೆ ಕೋಟು ತಯಾರು. ಆಕೆಯ ಹೊಲಿಗೆ ಅಕ್ಕಪಕ್ಕದ ನಾಲ್ಕು ಬೀದಿಗೂ ಗೊತ್ತಿದ್ದದ್ದೇ.

ಕಾರ್ಖಾನೆಯಲ್ಲಿ ಮಾಸ್ಟರು ಕೈಕೆಳಗಿನವರಿಗೆ ದಿನಕ್ಕೆ ಹತ್ತು ಸಲ ಕೂಗುವ ಮಾತೊಂದಿದೆ: "ಕತ್ತರಿ ಹಾಕೋ ಮುಂಚೆ ಬಟ್ಟೆ ಎತ್ತಿ ಅಡಿ ನೋಡ್ರಯ್ಯಾ!" ಆ ಭಾನುವಾರ ಅವರಿಗೆ ಅದನ್ನು ಕೂಗುವವರು ಯಾರೂ ಇರಲಿಲ್ಲ. ಊಟದ ಮೇಜಿನ ಮೇಲೆ ಮೊದಲು ಕಾಲರಿನ ಒಳಗಿಡುವ ಗಡುಸು ಕ್ಯಾನ್ವಾಸು, ಮೇಲೆ ಬಟ್ಟೆ, ಎರಡನ್ನೂ ಝಾಡಿಸಿ ಹಾಸಿಯೇಬಿಟ್ಟರು. ಸೀಮೆಸುಣ್ಣ ಓಡಿತು. ಕಾಲರಿನ ಗುರುತು ಸರಿಯಾಗಿ ಫಾರಮ್ಮಿನ ನೆತ್ತಿಯ ಮೇಲೆ ಬಿತ್ತು. ಕತ್ತರಿ 'ಕರ್ರ್' ಎಂದಿತು.

"ಆಹಾ, ಎಂಥ ಗಟ್ಟಿ ಬಟ್ಟೆ ನೋಡೇ!" ಎಂದು ಮಾಸ್ಟರು ಹಿಗ್ಗಿದರು.

ಕಾಲರಿನ ತುಂಡುಗಳನ್ನು ಒಂದರ ಮೇಲೊಂದು ಇದ್ದ ಹಾಗೇ ಎತ್ತಿ, ದಾರ ಸುತ್ತಿ ಹೆಂಡತಿಯ ಕೈಗಿಟ್ಟರು. ಮೇಜಿನ ಮೇಲೆ ಉಳಿದದ್ದನ್ನೆಲ್ಲ ಬಾಚಿ ಚಿಂದಿಯ ಚೀಲಕ್ಕೆ ತುಂಬಿ, ಚೀಲವನ್ನು ಬೀದಿಯ ಕಸದ ಗಾಡಿಗೆ ತಾವೇ ಹಾಕಿ ಬಂದರು. ಆ ದಿನ ಅವರಿಗೆ ಅಷ್ಟು ಹುಮ್ಮಸ್ಸು.

"ಪ್ರಶ್ನೆ ಕೇಳದೆ ಹೊಲಿ. ನಾನು ಇಟ್ಟಿದ್ದರಲ್ಲಿ ಒಂದು ನೂಲು ಹೆಚ್ಚಿಲ್ಲ, ಒಂದು ನೂಲು ಕಮ್ಮಿ ಇಲ್ಲ."

"ಅಲ್ಲಾ ರೀ, ಈ ಕಾಲರಲ್ಲಿ..."

"ಪ್ರಶ್ನೆ!"

"ಸರಿ," ಎಂದು ಆಕೆ ಹೊಲಿಗೆಯಂತ್ರದ ಮುಂದೆ ಕೂತರು.

ಸಂಜೆ ಕೋಟು ತೊಟ್ಟು ಕನ್ನಡಿಯ ಮುಂದೆ ನಿಂತರೆ, ಅಬ್ಬಬ್ಬಾ, ಕಾಲರ್ ಸಿಪಾಯಿಯ ಹಾಗೆ ಸೆಟೆದು ನಿಂತಿತ್ತು! ಎಡಕ್ಕೆ ಕತ್ತು ತಿರುಗಿಸಿದರೆ 'ಪರ್', ಬಲಕ್ಕೆ ತಿರುಗಿಸಿದರೆ 'ಪರ್ ಪರ್'.

"ಏನಪ್ಪಾ ಅದು, ಕೋಟು ಮಾತಾಡ್ತಿದೆ?" ಎಂದಳು ಮಗಳು.

"ಹೊಸ ಬಟ್ಟೆ ಕಣಮ್ಮ. ಎರಡು ದಿನ ಮಾತಾಡುತ್ತೆ, ಆಮೇಲೆ ಸುಮ್ಮನಾಗುತ್ತೆ. ಮದುಮಕ್ಕಳ ಹಾಗೆ."

ಸೋಮವಾರ ಬೆಳಿಗ್ಗೆ ಎಂಟೂವರೆಗೆ ಮಾಸ್ಟರು ಫಾರಮ್ಮಿಗೆ ಕೈ ಹಾಕಿದರೆ ಫಾರಂ ಇಲ್ಲ! ಮೇಜಿನ ಮೇಲಿಲ್ಲ, ಕೆಳಗಿಲ್ಲ, ಬೀರುವಿನಲ್ಲಿಲ್ಲ, ಹಾಸಿಗೆಯಡಿಯಲ್ಲಿಲ್ಲ. ಹೇಳೋಣವೆಂದರೆ ಬಾಯಿ ಬರಲೊಲ್ಲದು. ನಿನ್ನೆ ತಾನೇ 'ಒಂದೂ ಇಲ್ಲ' ಎಂದು ಎರಡು ಗೆರೆ ಎಳೆದ ಮನುಷ್ಯ ಇವತ್ತು ಫಾರಮ್ಮೇ ಕಳೆದುಹೋಯಿತು ಎಂದು ಯಾವ ಮುಖ ಇಟ್ಟುಕೊಂಡು ಹೇಳಬೇಕು?

"ಏನ್ರೀ ಹುಡುಕ್ತಿದ್ದೀರಿ?"

"ಕರ್ಚೀಫು!"

ಹೆಂಡತಿ ಒಂದು ತಂದರು. "ಇದಲ್ಲ!" ಮಗಳು ಇನ್ನೊಂದು ತಂದಳು. "ಇದೂ ಅಲ್ಲ!" ಹತ್ತು ನಿಮಿಷದಲ್ಲಿ ಸೋಫಾದ ಮೇಲೆ ಹನ್ನೊಂದು ಕರ್ಚೀಫುಗಳ ಗುಡ್ಡೆ ಬಿತ್ತು.

"ಎಂಥದ್ದಪ್ಪಾ ಅದು, ಸರಿಯಾಗಿ ಹೇಳು!"

"ಬಿಳೀದು ಕಣೇ... ನಡುವೆ ಒಂದು ಮಡಿಕೆ... ಮೇಲೆ ಸೀಲು..."

"ಕರ್ಚೀಫಿಗೆ ಸೀಲಾ?"

ಮಾಸ್ಟರು ಬಸ್ಸಿಗೆ ಓಡಿದರು. ದಾರಿಯುದ್ದಕ್ಕೂ ಕಾಲರ್ 'ಪರ್ ಪರ್' ಎನ್ನುತ್ತಲೇ ಇತ್ತು.

ಮ್ಯಾನೇಜರ್ ಮೇಡಂ ಒಂದು ಕಾಲದಲ್ಲಿ ಅದೇ ಕಾರ್ಖಾನೆಯಲ್ಲಿ ನೂಲು ಕತ್ತರಿಸುತ್ತಿದ್ದವರು. ಆ ಕುರ್ಚಿಗೇ ಆಸೆಪಟ್ಟ ಉಳಿದ ಮೂವರು ಅರ್ಜಿ ಕೊಟ್ಟು ಬೆಂಚಿನ ಮೇಲೆ ಸಾಲಾಗಿ ಕೂತಿದ್ದರು.

"ಎಲ್ಲಿ ಮಾಸ್ಟರೇ, ನಿಮ್ಮ ಅರ್ಜಿ?"

"ಭದ್ರವಾಗಿ ಇಟ್ಟಿದ್ದೆ ಮೇಡಂ..." ಮಾಸ್ಟರು ಕತ್ತು ಎಡಕ್ಕೆ ಹೊರಳಿಸಿದರು. ಪರ್! "ಎಲ್ಲಿ ಹೋಯ್ತೋ ಗೊತ್ತಾಗ್ತಿಲ್ಲ..." ಬಲಕ್ಕೆ. ಪರ್ ಪರ್!

"ಅದೇನು ಶಬ್ದ?"

"ಹೊಸ ಬಟ್ಟೆ ಮೇಡಂ."

"ಮೂವತ್ತು ವರ್ಷದಿಂದ ಬಟ್ಟೆ ನೋಡ್ತಿದ್ದೀನಿ, ಯಾವ ಬಟ್ಟೆಯೂ ನನ್ನ ಹತ್ತಿರ ಹೀಗೆ ಗೊಣಗಿಲ್ಲ. ಕೋಟು ಬಿಚ್ಚಿ." ಮೇಡಂ ಕಾಲರನ್ನು ಬೆರಳುಗಳ ನಡುವೆ ಉಜ್ಜಿ ನೋಡಿ ಒಂದು ಬ್ಲೇಡು ಕೊಟ್ಟರು. "ಹೊಲಿಗೆ ಬಿಡಿಸಿ."

ಹೆಂಡತಿ ಹಾಕಿದ ಹೊಲಿಗೆ ಅಷ್ಟು ಸುಲಭಕ್ಕೆ ಬಿಡುತ್ತದೆಯೇ! ಬೆವರು ಒರೆಸಿಕೊಳ್ಳಲು ಜೇಬಿಗೆ ಕೈ ಹಾಕಿದರೆ ಕರ್ಚೀಫು ಬೇರೆ ಇಲ್ಲ, ಹನ್ನೊಂದೂ ಮನೆಯಲ್ಲಿ. ಕೊನೆಗೆ ಕಾಲರ್ ಬಾಯಿ ಬಿಟ್ಟಿತು. ಒಳಗಿಂದ ಕಾಲರಿನ ಆಕಾರದಲ್ಲೇ ಅರ್ಜಿ ಹೊರಬಂತು! ಅರ್ಧ ಹೆಸರು, ಕಾಲು ಸೀಲು. ಎಂಟನೇ ಕಲಂ ಮಾತ್ರ ಅಂಚು ಮುಕ್ಕಾಗದೆ ಪೂರ್ತಿ ಉಳಿದಿತ್ತು.

"ಮಾಡಿದ ತಪ್ಪುಗಳು: ಒಂದೂ ಇಲ್ಲ," ಮೇಡಂ ಗಟ್ಟಿಯಾಗಿ ಓದಿದರು. "ಅಡಿಗೆ ಎರಡು ಗೆರೆ."

ಬೆಂಚಿನ ಮೇಲಿದ್ದ ಮೂವರೂ ತುಟಿ ಕಚ್ಚಿ ಹಿಡಿದಿದ್ದ ನಗು ಭುಸ್ಸೆಂದು ಹೊರಬಂತು. ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಎಲ್ಲರೂ ಅರ್ಜಿ ಕೈಯಲ್ಲಿ ಹಿಡ್ಕೊಂಡು ಬಂದರೆ, ನೀವು ಕುತ್ತಿಗೆಗೇ ಕಟ್ಕೊಂಡು ಬಂದಿದ್ದೀರಲ್ಲ ಮಾಸ್ಟರೇ!"

ಮಾಸ್ಟರಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಗಾಜಿನಾಚೆಯ ಖಾಲಿ ಕುರ್ಚಿಯನ್ನೊಮ್ಮೆ ಆಸೆಯಿಂದ ನೋಡಿ, ತಲೆತಗ್ಗಿಸಿ ಹೇಳಿದರು: "ಅಡಿ ನೋಡಲಿಲ್ಲ ಮೇಡಂ. ದಿನಾ ಎಲ್ಲರಿಗೂ ಬೈತೀನಿ, ನಾನೇ ನೋಡಲಿಲ್ಲ. ಪೂರ್ತಿ ನನ್ನದೇ ತಪ್ಪು."

"ಹಾಗಾದರೆ ಎಂಟನೇ ಕಲಂ ಸರಿಮಾಡಿ."

ಮಾಸ್ಟರು ಅದಕ್ಕೆ ಗೆರೆ ಹೊಡೆದು 'ಒಂದು' ಎಂದು ಬರೆದರು. ಸ್ವಲ್ಪ ಯೋಚಿಸಿ, ಪಕ್ಕದಲ್ಲಿ 'ಪರದೆ ಸೇರಿ ಎರಡು' ಎಂದೂ ಸೇರಿಸಿದರು.

ಮೇಡಂ ಉಳಿದ ಅರ್ಜಿಗಳನ್ನು ಮಗುಚಿ ನೋಡಿದರು. "ಈ ಮೂರರಲ್ಲೂ 'ಒಂದೂ ಇಲ್ಲ' ಅಂತಲೇ ಇದೆ. ನಿಜ ಬರೆದಿರೋದು ಈ ಕಾಲರೊಂದೇ. ಇನ್ನು ಜನ್ಮದಲ್ಲಿ ನೀವು ಅಡಿ ನೋಡದೆ ಕತ್ತರಿ ಹಾಕೋದಿಲ್ಲ, ಹಾಕೋಕೂ ಬಿಡೋದಿಲ್ಲ. ಹೋಗಿ, ಆ ಕುರ್ಚಿ ನಿಮಗೆ ಸರಿಹೋಗುತ್ತಾ ನೋಡಿ."

ಸರಿಹೋಗದೆ ಏನು! ಸೂಪರ್‌ವೈಸರು ಕುರ್ಚಿಯಲ್ಲಿ ಕೂತು ಒಂದು ಸುತ್ತು ತಿರುಗಿದರು. ಯಾರೂ ನೋಡುತ್ತಿಲ್ಲವೆಂದುಕೊಂಡು ಇನ್ನೂ ಮೂರು ಸುತ್ತು ತಿರುಗಿದರು. ಗೋಡೆ ಗಾಜಿನದು, ಇಡೀ ವಿಭಾಗವೇ ಕತ್ತರಿ ಕೆಳಗಿಟ್ಟು ನೋಡುತ್ತಿತ್ತು.

ಸಂಜೆ ಬಾಯಿ ಬಿಟ್ಟ ಕಾಲರ್ ಸಮೇತ ಮನೆಗೆ ಬಂದು ಎಲ್ಲವನ್ನೂ ಹೇಳಿದಾಗ ಮಗಳು ನಕ್ಕು ನಕ್ಕು ಕರ್ಚೀಫುಗಳ ಗುಡ್ಡೆಯ ಮೇಲೇ ಉರುಳಿದಳು. ಸೂಪರ್‌ವೈಸರು ಹೆಂಡತಿಯ ಕಡೆ ತಿರುಗಿದರು.

"ಅಲ್ಲ ಕಣೇ, ಹೊಲಿಯುವಾಗ ಒಳಗೆ ಕಾಗದ ಇದ್ದದ್ದು ನಿನಗೆ ಕಾಣಲಿಲ್ವಾ?"

"ಕಾಣದೆ ಏನು? ಓದಿಯೂ ನೋಡಿದೆ. ಬರೆದು ಬಿಸಾಕಿದ್ದ ಜೆರಾಕ್ಸು, ಕಾಲರ್ ಗಟ್ಟಿ ನಿಲ್ಲಲಿ ಅಂತ ಇಟ್ಟಿರಬೇಕು ಅಂದ್ಕೊಂಡೆ."

"ಅಕಸ್ಮಾತ್ ತಪ್ಪಿ ಸೇರಿರಬಹುದು ಅಂತ ಒಂದು ಚೂರೂ ಅನುಮಾನ ಬರಲಿಲ್ವಾ?"

"ಬಂತು. ಆದರೆ ಅದರಲ್ಲೇ ನಿಮ್ಮ ಕೈಬರಹದಲ್ಲಿ 'ತಪ್ಪುಗಳು: ಒಂದೂ ಇಲ್ಲ' ಅಂತ ಇತ್ತಲ್ಲ. ಓದಿ, ಸಮಾಧಾನ ಮಾಡ್ಕೊಂಡು ಹೊಲಿದೆ."

ಸೂಪರ್‌ವೈಸರು ಕೋಟು ಕಳಚಿದರು. ಎರಡೂ ಕೈಯಲ್ಲಿ ಹಿಡಿದು ಹೆಂಡತಿಯ ಮುಂದೆ ಚಾಚಿದರು.

"ಕಾಲರ್ ಹೊಲಿದುಕೊಡೇ ಮಾರಾಯ್ತಿ. ಮೊದಲು ಒಳಗೇನಿದೆ ನೋಡು. ಪ್ರಶ್ನೆಯಿದ್ದರೆ ಈಗಲೇ ಕೇಳು, ಎಷ್ಟು ಬೇಕಾದರೂ ಕೇಳು."